ಹಿಮದ ದಾರಿಗೆ ಆಲ್-ಟೆರೇನ್ ಟೈರ್ ಸಾಕಾ?

ಗಾಡಿ ಪ್ರಶ್ನೋತ್ತರ

ಚಳಿಗಾಲ ಹತ್ತಿರ ಬಂತು ಅಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಟೈರ್ ಕಡೆ ತಿರುಗುತ್ತವೆ. ನನ್ನ ಊರು ತಿಪಟೂರು. ಕೆಲಸ ಡೆನ್ವರ್ ಪಕ್ಕದ ಒಂದು ಟೈರ್ ಅಂಗಡಿಯ ಕೌಂಟರಿನಲ್ಲಿ. ಗಿರಾಕಿಗಳು ದಿನಾ ಕೇಳುವುದನ್ನೇ ನೀವೂ ಕೇಳಿದ್ದೀರಿ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಹಿಮದ ಪತ್ರಗಳನ್ನಷ್ಟೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಟೊಯೋಟಾ ಫೋರ್‌ರನ್ನರ್, 265/70 ಆರ್ 17 ಸೈಜಿನ ಟೈರ್. ಇಬ್ಬರು ಮಕ್ಕಳು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುಕಮ್ಮಿ ಪ್ರತಿ ಶನಿವಾರ ಸ್ಕೀ ಕ್ಲಾಸಿಗೆ ಅಂತ ಬ್ರೆಕನ್‌ರಿಜ್‌ಗೆ ಹೋಗುತ್ತೇವೆ. ಬೇಸಿಗೆಯಲ್ಲಿ ಕ್ಯಾಂಪಿಂಗ್ ಇರುತ್ತದೆ. ವರ್ಷವಿಡೀ ಒಂದೇ ಸೆಟ್ ಇರಲಿ ಅಂತ ಆಲ್-ಟೆರೇನ್ (ಎ/ಟಿ, ಅಂದರೆ ಡಾಂಬರು, ಮಣ್ಣು, ಕಲ್ಲು ಎಲ್ಲ ದಾರಿಗೂ ಆಗುವ ಟೈರ್) ನೋಡುತ್ತಿದ್ದೇವೆ. ಫಾಲ್ಕನ್ ವೈಲ್ಡ್‌ಪೀಕ್ ಎ/ಟಿ4ಡಬ್ಲ್ಯೂ, ಬಿಎಫ್ ಗುಡ್‌ರಿಚ್ ಕೆಓ3, ಟೊಯೊ ಓಪನ್ ಕಂಟ್ರಿ ಎ/ಟಿ 3, ನೋಕಿಯನ್ ಔಟ್‌ಪೋಸ್ಟ್ ಎಟಿ, ಇವುಗಳಲ್ಲಿ ಹಿಮಕ್ಕೆ ಯಾವುದು ಒಳ್ಳೆಯದು?
— ಓದುಗರು, ಅರೋರಾ, ಕೊಲೊರಾಡೊ

ಉತ್ತರ: ಮೊದಲು ಟೈರಿನ ಪಕ್ಕೆ ನೋಡಿ. ಅಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು ಇರುವ ಸಣ್ಣ ಗುರುತು ಇರಬೇಕು. ಅಮೆರಿಕ ಮತ್ತು ಕೆನಡಾದ ಟೈರ್ ಉದ್ಯಮ 1999ರಲ್ಲಿ ತಂದ ಗುರುತು ಅದು. ತುಳಿದು ಗಟ್ಟಿಯಾದ ಹಿಮದ ಮೇಲೆ ಪರೀಕ್ಷೆ ಮಾಡಿ, ಹೋಲಿಕೆಗೆ ಇಟ್ಟ ಮಾಮೂಲಿ ಟೈರಿಗಿಂತ ಕನಿಷ್ಠ ಶೇಕಡಾ 10ರಷ್ಟು ಜಾಸ್ತಿ ಎಳೆತ ತೋರಿಸಿದರೆ ಮಾತ್ರ ಅದನ್ನು ಹಾಕಬಹುದು. ನೀವು ಬರೆದ ನಾಲ್ಕೂ ಟೈರ್‌ಗಳು ಆ ಗುರುತಿನವೇ. ಆದರೂ ಅಂಗಡಿಯಲ್ಲಿ ನಿಮ್ಮ ಸೈಜಿನ ಟೈರನ್ನೇ ಹೊರಗೆ ತೆಗೆಸಿ, ಕಣ್ಣಾರೆ ನೋಡಿ. ಒಂದೇ ಹೆಸರಿನ ಟೈರಿನಲ್ಲಿ ಕೆಲವು ಸೈಜಿಗೆ ಗುರುತು ಇದ್ದು ಇನ್ನು ಕೆಲವಕ್ಕೆ ಇಲ್ಲದಿರುವುದೂ ಉಂಟು.

ಈಗ ಗಿರಾಕಿಗಳಿಗೆ ಯಾರೂ ಬಿಡಿಸಿ ಹೇಳದ ವಿಷಯ. ಆ ಪರೀಕ್ಷೆ ಅಳೆಯುವುದು ಗಾಡಿ ಮುಂದಕ್ಕೆ ಹೊರಡುವ ಎಳೆತವನ್ನು ಮಾತ್ರ. ಬ್ರೇಕ್ ಹಾಕಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ, ತಿರುವಿನಲ್ಲಿ ಹಿಡಿಯುತ್ತದಾ, ಐಸ್ ಮೇಲೆ ಏನಾಗುತ್ತದೆ, ಇದ್ಯಾವುದೂ ಅದರಲ್ಲಿ ಇಲ್ಲ. ಹೊರಡುವ ಕಷ್ಟವನ್ನು ನಿಮ್ಮ ಫೋರ್ ವೀಲ್ ಡ್ರೈವ್ ಹೇಗೂ ನೋಡಿಕೊಳ್ಳುತ್ತದೆ. ನಿಲ್ಲುವಾಗ ಫೋರ್ ವೀಲ್ ಡ್ರೈವ್‌ನಿಂದ ಚೂರೂ ಉಪಯೋಗವಿಲ್ಲ. ಎಲ್ಲ ಗಾಡಿಗೂ ಬ್ರೇಕ್ ಇರುವುದು ನಾಲ್ಕು ಚಕ್ರಕ್ಕೇ ಅಲ್ವಾ?

ನಿಮ್ಮ ದಾರಿಯಲ್ಲೇ ಲೆಕ್ಕ ಹಾಕೋಣ. ಐ-70 ಹೈವೇಯಲ್ಲಿ ಐಸೆನ್‌ಹೋವರ್ ಟನಲ್‌ನ ಪಶ್ಚಿಮದ ಬಾಯಿ 11,158 ಅಡಿ ಎತ್ತರದಲ್ಲಿದೆ. ಅಲ್ಲಿಂದ ಸಿಲ್ವರ್‌ಥಾರ್ನ್‌ವರೆಗೆ ಒಂದೇ ಸಮನೆ ಇಳಿಜಾರು. ಇಳಿಜಾರು ಶೇಕಡಾ 6 ಅಂತ ಇಟ್ಟುಕೊಳ್ಳಿ, ಗಾಡಿಯ ವೇಗ ಗಂಟೆಗೆ 50 ಕಿಲೋಮೀಟರ್. ಒಣಗಿದ ಸಮತಟ್ಟು ಡಾಂಬರಿನ ಮೇಲೆ ಬ್ರೇಕ್ ಹಿಡಿದ ಮೇಲೆ 13 ಮೀಟರ್ ಆಸುಪಾಸಿನಲ್ಲಿ ನಿಲ್ಲಬಹುದು. ಗಟ್ಟಿ ಹಿಮದ ಮೇಲೆ ಆ ಇಳಿಜಾರಿನಲ್ಲಿ 50 ಮೀಟರ್ ದಾಟುತ್ತದೆ. ಐಸ್ ಆಗಿದ್ದರೆ 200 ಮೀಟರ್ ಕೂಡ ಸಾಲದು. ಐಸ್ ಮೇಲೆ ಟೈರಿಗೆ ಸಿಗುವ ಹಿಡಿತದಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಆ ಇಳಿಜಾರೇ ತಿಂದುಬಿಡುತ್ತದೆ. ಹಾಗಾಗಿ ನಾನು ಟೈರ್ ಹೋಲಿಸುವಾಗ ನೋಡುವುದು ಒಂದೇ: ಆ ಉಳಿದ ಚೂರು ಹಿಡಿತವನ್ನು ಯಾವುದು ಜಾಸ್ತಿ ಮಾಡುತ್ತದೆ?

ಅದು ರಬ್ಬರಿನಲ್ಲಿ ಮತ್ತು ಬಟನ್‌ಗಳ (ಟೈರಿನ ನೆಲ ಮುಟ್ಟುವ ಉಬ್ಬು ತುಂಡುಗಳ) ಮೇಲಿನ ಸೀಳುಗಳಲ್ಲಿ ಇರುತ್ತದೆ. ಜನವರಿ ಬೆಳಿಗ್ಗೆ ನಮ್ಮ ಅಂಗಡಿಯ ಹೊರಗಿನ ರ‍್ಯಾಕಿನ ಹತ್ತಿರ ಬನ್ನಿ, ಗ್ಲೌಸ್ ತೆಗೆದು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೇಸಿಗೆಯ ಟೈರಿನ ಬಟನ್ ಎತ್ತಿನ ಗೊರಸಿನ ಹಾಗೆ ಗಟ್ಟಿ. ಉಗುರು ಊರಿದರೂ ಗುರುತು ಬೀಳುವುದಿಲ್ಲ. ಪಕ್ಕದಲ್ಲೇ ಇರುವ ಅಪ್ಪಟ ವಿಂಟರ್ ಟೈರಿನ ಬಟನ್ ಬೆರಳಿಗೆ ಬಗ್ಗುತ್ತದೆ. ಬಗ್ಗಿದಾಗ ಅದರ ಮೇಲಿರುವ, ಬ್ಲೇಡಿನಲ್ಲಿ ಗೀರಿದಂಥ ಸೀಳುಗಳು ಬಾಯಿ ಬಿಡುತ್ತವೆ. ಒಂದೊಂದು ಸೀಳಿನ ಅಂಚೂ ಹಿಮವನ್ನು ಕಚ್ಚುತ್ತದೆ. ಆಲ್-ಟೆರೇನ್ ಟೈರ್ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಜುಲೈ ತಿಂಗಳ ಬಿಸಿಲಿನಲ್ಲಿ, ಕಲ್ಲುದಾರಿಯಲ್ಲಿ ಕಿತ್ತುಬರದೆ ಬಾಳಬೇಕಲ್ಲ, ಅದಕ್ಕೆ ಅದನ್ನು ತೀರಾ ಮೆತ್ತಗೆ ಮಾಡುವ ಹಾಗಿಲ್ಲ. ಮಾಮೂಲಿ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗುತ್ತಾ ಹೋಗುತ್ತದೆ. ನಿಮ್ಮ ಶನಿವಾರದ ಬೆಳಿಗ್ಗೆಗಳು ಅದಕ್ಕಿಂತ ಎಷ್ಟೋ ಕೆಳಗೆ ಇರುತ್ತವೆ.

ಈಗ ನಾಲ್ಕು ಟೈರ್. ಇದು ಕೌಂಟರಿನಲ್ಲಿ ನಿಂತು ಕಂಡ ನನ್ನ ಅಭಿಪ್ರಾಯ. ನೋಕಿಯನ್ ಫಿನ್ಲೆಂಡ್ ಕಂಪನಿ, 1934ರಿಂದ ಚಳಿಗಾಲದ ಟೈರ್ ಮಾಡುತ್ತಾ ಬಂದಿದೆ. ಅವರ ಔಟ್‌ಪೋಸ್ಟ್ ಎಟಿ ಚಳಿಗೆ ಬೇಗ ಬಿಗಿಯಾಗುವುದಿಲ್ಲ. ಒದ್ದೆ ರಸ್ತೆಯಲ್ಲೂ, ಅರ್ಧ ಕರಗಿದ ಕೊಚ್ಚೆ ಹಿಮದಲ್ಲೂ ನನಗೆ ಅದರ ಮೇಲೆ ನಂಬಿಕೆ ಇದೆ. ಪಕ್ಕೆಗೆ ಅರಾಮಿಡ್ ಅನ್ನುವ ಗಟ್ಟಿ ನೂಲು ಸೇರಿಸಿರುವುದರಿಂದ ಕ್ಯಾಂಪಿಂಗ್ ದಾರಿಯ ಚೂಪು ಕಲ್ಲಿಗೂ ತಡೆಯುತ್ತದೆ. ಟೊಯೊ ಎ/ಟಿ 3 ಹೈವೇಯಲ್ಲಿ ಸದ್ದು ಕಡಿಮೆ, ಹೊಸ ಹಿಮದಲ್ಲಿ ಚೆನ್ನಾಗಿ ನಡೆಯುತ್ತದೆ. ವಾರವೆಲ್ಲ ಆಫೀಸಿಗೆ ಓಡಿಸಿ ಶನಿವಾರ ಬೆಟ್ಟ ಹತ್ತುವವರಿಗೆ ನಾನು ಜಾಸ್ತಿ ಹೇಳುವುದು ಅದನ್ನೇ. ಫಾಲ್ಕನ್ ಎ/ಟಿ4ಡಬ್ಲ್ಯೂ ಗಟ್ಟಿಮುಟ್ಟು. ಆಳದ ಹಿಮದಲ್ಲಿ ಅದರ ಅಗಲ ಸಂದುಗಳು ಹಿಮವನ್ನು ಹಿಡಿದು ಹಿಂದಕ್ಕೆ ಎಸೆಯುತ್ತವೆ, ಗಾಡಿ ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ಆದರೆ ಭಾರ ಇದೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಕೆಓ3 ಬಂಡೆ, ಕೆಸರು, ಜಲ್ಲಿ ದಾರಿಗೆ ರಾಜ. ಅದರ ಹಿಂದಿನ ಕೆಓ2 ಕೂಡ ಹಾಗೇ ಇತ್ತು. ವರ್ಷದ ಅರ್ಧ ಭಾಗ ಅಂಥ ದಾರಿಯಲ್ಲೇ ಇರುವವರು ತೆಗೆದುಕೊಳ್ಳಲಿ. ಐಸ್ ಕಟ್ಟಿದ ಹೈವೇಗೆ ಅಂತಲೇ ಬಂದವರಿಗೆ ನಾನು ಅದನ್ನು ಕೊಡುವುದಿಲ್ಲ.

ಸೈಜಿನಲ್ಲೂ ಒಂದು ಕಿವಿಮಾತು. ನಿಮ್ಮ 265/70 ಆರ್ 17ರಲ್ಲೇ ಮಾಮೂಲಿ ಟೈರೂ ಸಿಗುತ್ತದೆ, ‘ಎಲ್‌ಟಿ’ ಅಂತ ಶುರುವಾಗುವ ಲೋಡಿನ ಟೈರೂ ಸಿಗುತ್ತದೆ. ಎಲ್‌ಟಿಯಲ್ಲಿ ‘ಇ’ ಲೋಡ್ (ಹೆಚ್ಚು ಭಾರ ಹೊರುವ ದರ್ಜೆ) ತೆಗೆದುಕೊಂಡರೆ ಒಂದೊಂದು ಟೈರಿಗೂ ನಾಲ್ಕೈದು ಕಿಲೋ ಜಾಸ್ತಿ ತೂಕ, ಪಕ್ಕೆಯೂ ಬಿರುಸು. ಟ್ರೈಲರ್ ಎಳೆಯುವುದಿಲ್ಲ ಅಂದರೆ ಅದು ನಿಮಗೆ ಬೇಡ. ಮಕ್ಕಳನ್ನು ಕೂರಿಸಿಕೊಂಡು ಓಡಿಸಲು ಮಾಮೂಲಿ ಟೈರೇ ಹಿತ.

ಆದರೂ ನಿಮ್ಮ ಪತ್ರ ಓದಿದ ಮೇಲೆ ನನ್ನ ಸಲಹೆ ಬೇರೆಯೇ. ಪ್ರತಿ ಶನಿವಾರ, ನಾಲ್ಕು ತಿಂಗಳು, ಆ ಟನಲ್ ದಾಟಿ, ಅದೂ ಮಕ್ಕಳ ಜೊತೆ ಅಂದರೆ ಎರಡು ಸೆಟ್ ಮಾಡಿಕೊಳ್ಳಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಯಾವುದಾದರೂ ಆಲ್-ಟೆರೇನ್. ನವೆಂಬರ್‌ನಿಂದ ಮಾರ್ಚ್‌ವರೆಗೆ ಸ್ಟೀಲ್ ರಿಮ್ ಮೇಲೆ ಬ್ಲಿಝಾಕ್, ಎಕ್ಸ್-ಐಸ್ ಸ್ನೋ ಅಥವಾ ಹಕ್ಕಪೆಲಿಟ್ಟದಂಥ ಅಪ್ಪಟ ವಿಂಟರ್ ಟೈರ್. ಇನ್ನೊಂದು ಸೆಟ್ ಅಂದರೆ ಸಾವಿರ ಡಾಲರ್ ದಾಟುತ್ತದೆ ಅಂತ ಗೊತ್ತು. ಆದರೆ ಒಂದು ಓಡುವಾಗ ಇನ್ನೊಂದು ಗ್ಯಾರೇಜಿನಲ್ಲಿ ಮಲಗಿರುತ್ತದೆ, ಎರಡೂ ನಿಧಾನವಾಗಿ ಸವೆಯುತ್ತವೆ. ಕೊನೆಗೆ ನಿಜವಾಗಿ ಜಾಸ್ತಿ ಬೀಳುವುದು ರಿಮ್ಮಿನ ದುಡ್ಡು, ಸ್ವಲ್ಪ ಜಾಗ. ಅಷ್ಟು ಆಗುವುದೇ ಇಲ್ಲ ಅಂದರೆ ನೋಕಿಯನ್ ಅಥವಾ ಟೊಯೊ ಹಾಕಿಸಿ. ಭಾರೀ ಹಿಮ ಅಂತ ಹವಾಮಾನ ಹೇಳಿದ ಶನಿವಾರ ಕ್ಲಾಸ್ ತಪ್ಪಿದರೂ ಪರವಾಗಿಲ್ಲ, ಮನೆಯಲ್ಲೇ ಇರಿ.

ಕಾನೂನು ಗೊತ್ತಿರಲಿ. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಐ-70ರಲ್ಲಿ ಮಾರಿಸನ್‌ನಿಂದ ಡಾಟ್‌ಸೀರೊವರೆಗೆ ನಿಮ್ಮಂಥ 4×4 ಗಾಡಿಗೂ ಟ್ರೆಡ್ (ಟೈರಿನ ನೆಲ ಮುಟ್ಟುವ ಮೈ) ಆಳ ಕನಿಷ್ಠ 3/16 ಇಂಚು ಇರಬೇಕು. ತಪ್ಪಿದರೆ 130 ಡಾಲರಿಗಿಂತ ಜಾಸ್ತಿ ದಂಡ. ನಿಮ್ಮಿಂದ ರಸ್ತೆ ಬಂದ್ ಆದರೆ 650 ದಾಟುತ್ತದೆ. ಟೈರ್ ಅಂಗಡಿಯ ಗೇಜ್ ಇಂಚಿನ 32ನೇ ಒಂದು ಭಾಗದ ಲೆಕ್ಕದಲ್ಲಿ ತೋರಿಸುತ್ತದೆ, ಅದರಲ್ಲಿ 6 ಬರಬೇಕು. ನನ್ನ ಮಾತು ಕೇಳಿದರೆ 6ಕ್ಕೆ ಕಾಯಬೇಡಿ. ಕೆಲವು ಆಲ್-ಟೆರೇನ್‌ಗಳಲ್ಲಿ ಆ ಸಣ್ಣ ಸೀಳು ಅರ್ಧ ಆಳಕ್ಕೇ ನಿಂತುಬಿಡುತ್ತದೆ. ಟೈರ್ ಅರ್ಧ ಸವೆದಾಗ ಸೀಳೂ ಹೋಗಿರುತ್ತದೆ, ಪಕ್ಕೆಯ ಮೇಲೆ ಬೆಟ್ಟದ ಗುರುತು ಮಾತ್ರ ಹೊಸದರ ಹಾಗೆ ಉಳಿದಿರುತ್ತದೆ.

ಪ್ರಶ್ನೆ: ನಮ್ಮ ಎಸ್‌ಯುವಿಯ ಟೈರ್ ಮೇಲೆ ‘ಎಂ+ಎಸ್’ ಅಂತಿದೆ. ಅದು ಹಿಮಕ್ಕೇ ಮಾಡಿದ್ದು, ಆಲ್ ವೀಲ್ ಡ್ರೈವ್ ಬೇರೆ ಇದೆ, ಸುಮ್ನೆ ದುಡ್ಡು ಯಾಕೆ ಹಾಳು ಅಂತಾರೆ ನಮ್ಮ ಮನೆಯವರು. ನಾವು ಆಗಾಗ ಬ್ಯಾಂಫ್ ದಾಟಿ ಗೋಲ್ಡನ್‌ವರೆಗೆ ಹೋಗುತ್ತೇವೆ.
— ಓದುಗರು, ಕ್ಯಾಲ್ಗರಿ

ಉತ್ತರ: ಎಂ+ಎಸ್ ಅಂದರೆ ಕೆಸರು ಮತ್ತು ಹಿಮ ಅಂತಲೇ. ಆದರೆ ಅದನ್ನು ಹಾಕಲು ಹಿಮದ ಮೇಲೆ ಯಾವ ಪರೀಕ್ಷೆಯೂ ಬೇಕಿಲ್ಲ. ಟ್ರೆಡ್‌ನಲ್ಲಿ ಸುಮಾರು ಕಾಲು ಭಾಗ ಜಾಗ ಖಾಲಿ ಇದ್ದು, ಸಂದುಗಳು ಅಂಚಿನವರೆಗೆ ಬಂದಿದ್ದರೆ ಸಾಕು. ಆಕಾರ ನೋಡಿ ಕೊಡುವ ಗುರುತು ಅದು. ರಬ್ಬರ್ ಎಂಥದ್ದು ಅಂತ ಅದು ಹೇಳುವುದಿಲ್ಲ.

ನೀವು ಹೋಗುವ ಗೋಲ್ಡನ್ ಇರುವ ಬ್ರಿಟಿಷ್ ಕೊಲಂಬಿಯಾದಲ್ಲಿ ಬೋರ್ಡ್ ಹಾಕಿದ ಬೆಟ್ಟದ ರಸ್ತೆಗಳಲ್ಲಿ ಅಕ್ಟೋಬರ್ 1ರಿಂದ ಚಳಿಗಾಲದ ಟೈರ್ ಕಡ್ಡಾಯ. ಎತ್ತರದ ಪಾಸ್‌ಗಳಲ್ಲಿ (ಬೆಟ್ಟ ದಾಟುವ ಘಟ್ಟದ ದಾರಿಗಳಲ್ಲಿ) ಅದು ಏಪ್ರಿಲ್ 30ರವರೆಗೆ. ಟ್ರೆಡ್ 3.5 ಮಿಲಿಮೀಟರ್ ಇರುವ ಎಂ+ಎಸ್ ಟೈರನ್ನೂ ಅಲ್ಲಿನ ಕಾನೂನು ಒಪ್ಪುತ್ತದೆ. ಹಾಗಾಗಿ ದಂಡದ ಮಟ್ಟಿಗೆ ನಿಮ್ಮ ಯಜಮಾನರ ಮಾತು ಸರಿ. ಜೀವದ ಮಟ್ಟಿಗೆ ನಾನು ಒಪ್ಪುವುದಿಲ್ಲ. ನಿಮ್ಮ ಕಡೆ ಶಿನೂಕ್ ಅನ್ನುವ ಬೆಚ್ಚನೆ ಗಾಳಿ ಬೀಸಿದರೆ ಒಂದೇ ದಿನದಲ್ಲಿ ಹಿಮವೆಲ್ಲ ಕರಗುತ್ತದೆ. ರಾತ್ರಿ ಅದೇ ನೀರು ಮತ್ತೆ ಹೆಪ್ಪುಗಟ್ಟಿ ಕಣ್ಣಿಗೆ ಕಾಣದ ಐಸ್ ಆಗುತ್ತದೆ. ಸೊನ್ನೆ ಡಿಗ್ರಿ ಹತ್ತಿರದ ಐಸ್ ಮೇಲೆ ತೆಳ್ಳಗೆ ನೀರು ನಿಂತಿರುತ್ತದೆ. ಮೈನಸ್ 20ರ ಒಣ ಐಸ್‌ಗಿಂತ ಅದು ಜಾಸ್ತಿ ಜಾರುತ್ತದೆ. ‘ಇವತ್ತು ಚಳಿ ಕಡಿಮೆ’ ಅಂತ ಜೋರಾಗಿ ಓಡಿಸುವುದು ಅಂಥ ದಿನವೇ.

ನಿಮ್ಮ ದಾರಿಗೆ ಅಪ್ಪಟ ವಿಂಟರ್ ಟೈರೇ ಬೇಕು. ಆಲ್-ಟೆರೇನ್ ಕೂಡ ನಾನು ಹೇಳುವುದಿಲ್ಲ. ಅದರ ಬಟನ್ ದಪ್ಪ, ಸೀಳು ಕಡಿಮೆ. ಐಸ್ ಮೇಲೆ ದೊಡ್ಡ ದೊಡ್ಡ ಬಟನ್‌ಗಿಂತ ನೂರಾರು ಸಣ್ಣ ಅಂಚುಗಳು ಮೇಲು. ನೋಡೋಕೆ ಒರಟಾಗಿರುವ ಟೈರೆಲ್ಲ ಹಿಮಕ್ಕೆ ಒಳ್ಳೆಯದು ಅನ್ನುವ ನಂಬಿಕೆ ತುಂಬಾ ಜನರಿಗಿದೆ. ಅಂಗಡಿಯಲ್ಲಿ ನಾನು ಪ್ರತಿ ವರ್ಷ ಕೂತು ಬಿಡಿಸಬೇಕಾದ ಗಂಟು ಇದು.

ಪ್ರಶ್ನೆ: ಸಣ್ಣ ಎಸ್‌ಯುವಿ ಇದೆ, ಊರೊಳಗೇ ಓಡಾಟ. ಅಪಾರ್ಟ್‌ಮೆಂಟಿನಲ್ಲಿ ಎರಡನೇ ಸೆಟ್ ಇಡಲು ಜಾಗವಿಲ್ಲ. ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಅವರನ್ನು ಕರೆದುಕೊಂಡು ಓಡಾಡಬೇಕು. ಆಲ್-ಟೆರೇನ್ ಹಾಕಿಸಲಾ? ಮೊಳೆ ಇರುವ ಟೈರ್ ಹಾಕಿಸಬಹುದಾ?
— ಓದುಗರು, ಮಿನಿಯಾಪೊಲಿಸ್

ಉತ್ತರ: ಮೊಳೆಯ ಟೈರ್ ಮಿನ್ನೆಸೋಟದಲ್ಲಿ ಅಲ್ಲಿನ ನಿವಾಸಿಗಳಿಗೆ ನಿಷೇಧ, ಅದನ್ನು ಬಿಡಿ. ಊರೊಳಗಿನ ಓಡಾಟಕ್ಕೆ ಭಾರದ ಆಲ್-ಟೆರೇನ್ ಕೂಡ ಬೇಡ. ಸಿಗ್ನಲ್ ಹತ್ತಿರ ನೂರಾರು ಗಾಡಿಗಳು ಬ್ರೇಕ್ ಹಾಕಿ ಹಾಕಿ ಹಿಮವನ್ನು ಉಜ್ಜಿ ಹೊಳಪು ಮಾಡಿರುತ್ತವೆ. ನಿಮ್ಮ ಗಾಡಿ ನಿಲ್ಲಬೇಕಾದದ್ದು ಸರಿಯಾಗಿ ಅಲ್ಲೇ. ಆಲ್-ಟೆರೇನ್ ತೀರಾ ಸೋಲುವುದೂ ಅಂಥ ಜಾಗದಲ್ಲೇ.

ನಿಮ್ಮ ಊರಿನಲ್ಲಿ ಎಷ್ಟೋ ಟೈರ್ ಅಂಗಡಿಗಳು ಸೀಸನ್‌ಗೆ ಇಷ್ಟು ಅಂತ ತೆಗೆದುಕೊಂಡು ಎರಡನೇ ಸೆಟ್ ಇಟ್ಟುಕೊಳ್ಳುತ್ತವೆ. ಮೊದಲು ಅದನ್ನು ವಿಚಾರಿಸಿ. ಅದೂ ಆಗದಿದ್ದರೆ ‘ಆಲ್-ವೆದರ್’ ಅಂತ ಸಿಗುವ ಟೈರ್ ನೋಡಿ. ‘ಆಲ್-ಸೀಸನ್’ ಬೇರೆ, ಇದು ಬೇರೆ. ಆಲ್-ವೆದರ್‌ಗೆ ಬೆಟ್ಟದ ಗುರುತು ಇರುತ್ತದೆ, ವರ್ಷವಿಡೀ ಓಡಿಸಬಹುದು, ಬಟನ್ ಸಣ್ಣದು, ಸೀಳು ಜಾಸ್ತಿ. ಆಗಾಗ ಕಾಡಿನ ಕ್ಯಾಬಿನ್ ಕಡೆ ಮಣ್ಣುದಾರಿಯಲ್ಲೂ ಹೋಗುತ್ತೀರಿ ಅಂದರೆ ಮಾತ್ರ ಸಣ್ಣ ಎಸ್‌ಯುವಿಗಳಿಗೆ ಅಂತಲೇ ಮಾಡಿದ ಫಾಲ್ಕನ್ ವೈಲ್ಡ್‌ಪೀಕ್ ಎ/ಟಿ ಟ್ರೇಲ್‌ನಂಥ ಹಗುರ ಟೈರ್ ನೋಡಬಹುದು. ಅದಕ್ಕೂ ಆ ಗುರುತು ಇದೆ.

ಅಪ್ಪ ಅಮ್ಮನಿಗೆ ಗಾಡಿ ಹತ್ತುವ ಇಳಿಯುವ ಜಾಗದಲ್ಲಿ ಉಪ್ಪು ಎರಚಿಡಿ. ಗಾಡಿ ಜಾರುವುದಕ್ಕಿಂತ ಮನುಷ್ಯರು ಜಾರುವುದೇ ಜಾಸ್ತಿ.

ಪ್ರಶ್ನೆ: ಜನವರಿಯಲ್ಲಿ ಬೆಂಗಳೂರಿನಿಂದ ಗೆಳೆಯರು ಸೇರಿ ಥಾರ್‌ನಲ್ಲಿ ಮನಾಲಿ, ಅಲ್ಲಿಂದ ಅಟಲ್ ಟನಲ್ ದಾಟಿ ಸಿಸ್ಸು ಕಡೆ ಹೋಗುವ ಯೋಚನೆ. ಹೊಸ ಎ/ಟಿ ಟೈರ್ ಹಾಕಿಸಿದ್ದೇವೆ. ಸಾಕಲ್ವಾ?
— ಓದುಗರು, ಬೆಂಗಳೂರು

ಉತ್ತರ: ಸಾಲದು. ಟೈರಿನ ಪಕ್ಕೆ ಒಮ್ಮೆ ನೋಡಿ, ಬೆಟ್ಟದ ಗುರುತು ಇದೆಯಾ? ನಮ್ಮ ದೇಶದಲ್ಲಿ ಎ/ಟಿ ಹೆಸರಿನಲ್ಲಿ ಸಿಗುವ ಎಷ್ಟೋ ಟೈರ್‌ಗಳನ್ನು ಬಿಸಿಲಿಗೆ, ಕೆಸರಿಗೆ, ಕಲ್ಲಿಗೆ ಅಂತ ಮಾಡಿರುತ್ತಾರೆ. ಸಕಲೇಶಪುರದ ಎಸ್ಟೇಟ್ ದಾರಿಯಲ್ಲಿ ಚಿನ್ನದಂಥ ಟೈರ್ ಟನಲ್ ಆಚೆಯ ಲಾಹೌಲ್‌ನ ಐಸ್ ಮೇಲೆ ಏನೂ ಮಾಡಲಾರದು.

2020ರ ಅಕ್ಟೋಬರ್‌ನಲ್ಲಿ ಅಟಲ್ ಟನಲ್ ತೆರೆದ ಮೇಲೆ ರೋಹ್ತಾಂಗ್ ಪಾಸ್ ಹತ್ತುವ ಕಷ್ಟ ತಪ್ಪಿತು, ನಿಜ. 9.02 ಕಿಲೋಮೀಟರ್ ಒಳಗೆ ಆರಾಮ. ಆದರೆ ಟನಲ್‌ನ ಎರಡೂ ಬಾಯಿ 3,000 ಮೀಟರಿಗಿಂತ ಎತ್ತರದಲ್ಲಿವೆ. ಒಳಗೆ ಒಣ ರಸ್ತೆಯಲ್ಲಿ ಬಂದ ವೇಗದಲ್ಲೇ ಹೊರಗಿನ ನೆರಳಿನ ಐಸ್ ಮೇಲೆ ಇಳಿದುಬಿಡುತ್ತೀರಿ. ಬಾಯಿ ಕಾಣುವ ಮೊದಲೇ ವೇಗ ಇಳಿಸಿ. ಹಿಮ ಬಿದ್ದ ದಿನ ಪೊಲೀಸರು ನೆಹರೂ ಕುಂಡ್ ಅಥವಾ ಸೋಲಂಗ್ ಹತ್ತಿರ ತಡೆದು 4×4 ಗಾಡಿಗಳನ್ನು ಮಾತ್ರ ಬಿಡುವುದುಂಟು, ಕೆಲವೊಮ್ಮೆ ಅವನ್ನೂ ಬಿಡುವುದಿಲ್ಲ. ವಾದ ಮಾಡಬೇಡಿ, ವಾಪಸ್ ಬನ್ನಿ.

ಹಿಮದಲ್ಲಿ ಟೈರಿಗೆ ಸುತ್ತುವ ಚೈನ್ ಕೊಂಡುಕೊಂಡೇ ಹೋಗಿ. ಬೆಂಗಳೂರಿನ ಪಾರ್ಕಿಂಗಿನಲ್ಲೇ ಒಮ್ಮೆ ಹಾಕಿ, ತೆಗೆದು ಅಭ್ಯಾಸ ಮಾಡಿ. ಮೈನಸ್ ಚಳಿಯಲ್ಲಿ, ಮರಗಟ್ಟಿದ ಬೆರಳಿನಲ್ಲಿ ಮೊದಲ ಸಲ ಕಲಿಯುವ ಕೆಲಸ ಅಲ್ಲ ಅದು. ನಾಲ್ಕಕ್ಕೂ ಹಾಕಿದರೆ ಒಳ್ಳೆಯದು. ಎರಡೇ ಇದ್ದರೆ ಮುಂದಕ್ಕಾ ಹಿಂದಕ್ಕಾ ಅಂತ ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ಚೈನ್ ಹಾಕಿದ ಮೇಲೆ ಗಂಟೆಗೆ 50 ಕಿಲೋಮೀಟರ್ ದಾಟಬೇಡಿ, ಡಾಂಬರು ಕಂಡ ತಕ್ಷಣ ಬಿಚ್ಚಿಡಿ. ಇಳಿಜಾರಿನಲ್ಲಿ ಮೊದಲೇ ಸಣ್ಣ ಗೇರ್ ಹಾಕಿಕೊಂಡು ಎಂಜಿನ್ ಹಿಡಿತದಲ್ಲೇ ಇಳಿಯಿರಿ. ನಿಮ್ಮಲ್ಲಿ ಯಾರೂ ಹಿಂದೆ ಹಿಮದಲ್ಲಿ ಓಡಿಸಿಲ್ಲ ಅಂದರೆ ಮನಾಲಿಯಲ್ಲಿ ಥಾರ್ ನಿಲ್ಲಿಸಿ, ಅಲ್ಲಿನ ಡ್ರೈವರ್ ಜೊತೆ ಹೋಗಿ ಬನ್ನಿ. ನಿಮ್ಮ ವಯಸ್ಸಿನ ಹುಡುಗರಿಗೆ ಇದು ಹಿಡಿಸುವುದಿಲ್ಲ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಚುಟುಕು ಉತ್ತರಗಳು

*ಬೆಟ್ಟದ ಗುರುತಿರುವ ಆಲ್-ಟೆರೇನ್ ಕ್ವಿಬೆಕ್‌ನಲ್ಲಿ ನಡೆಯುತ್ತದಾ? (ಮಾಂಟ್ರಿಯಲ್)* ನಡೆಯುತ್ತದೆ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅಲ್ಲಿ ಕೇಳುವುದು ಆ ಗುರುತನ್ನು. ಬರೀ ಎಂ+ಎಸ್ ಇದ್ದರೆ ಆಗುವುದಿಲ್ಲ.

*ದುಡ್ಡು ಉಳಿಸಲು ಮುಂದಿನ ಎರಡು ಚಕ್ರಕ್ಕೆ ಮಾತ್ರ ವಿಂಟರ್ ಟೈರ್ ಹಾಕಿಸಬಹುದಾ? (ಷಿಕಾಗೊ)* ಖಂಡಿತ ಬೇಡ. ಮುಂದಿನದು ಹಿಡಿಯುತ್ತದೆ, ಹಿಂದಿನದು ಜಾರುತ್ತದೆ, ಗಾಡಿ ಗಿರಕಿ ಹೊಡೆಯುತ್ತದೆ. ಹಾಕಿಸಿದರೆ ನಾಲ್ಕೂ.

*ಚಳಿ ಬಂದ ಕೂಡಲೇ ಗಾಳಿ ಕಡಿಮೆ ಅಂತ ಲೈಟ್ ಬರುತ್ತದೆ, ಪಂಕ್ಚರ್ ಇಲ್ಲ. (ಟೊರೊಂಟೊ)* ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದರೆ 1 ಪಿಎಸ್‌ಐ ಗಾಳಿ ಇಳಿಯುತ್ತದೆ. ಸೆಪ್ಟೆಂಬರ್‌ನಲ್ಲಿ 25 ಡಿಗ್ರಿ ಇದ್ದಾಗ ಹಾಕಿಸಿದ್ದು ಜನವರಿಯ ಮೈನಸ್ 15ಕ್ಕೆ 7 ಪಿಎಸ್‌ಐ ಕಡಿಮೆ ಆಗಿರುತ್ತದೆ. ತಿಂಗಳಿಗೊಮ್ಮೆ ಚೆಕ್ ಮಾಡಿ, ಸ್ಟೆಪ್ನಿಯನ್ನೂ ಸೇರಿಸಿ. ಹಿಮದಲ್ಲಿ ಗಾಳಿ ಇಳಿಸಿ ಓಡಿಸಿ ಅನ್ನುವವರ ಮಾತನ್ನು ಹೈವೇಗೆ ತರಬೇಡಿ.

*ಸೆಕೆಂಡ್ ಹ್ಯಾಂಡ್ ವಿಂಟರ್ ಟೈರ್ ತೆಗೆದುಕೊಳ್ಳುವಾಗ ಏನು ನೋಡಬೇಕು? (ಎಡ್ಮಂಟನ್)* ಪಕ್ಕೆಯ ಮೇಲೆ ‘ಡಾಟ್’ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. 3519 ಅಂತಿದ್ದರೆ 2019ರ 35ನೇ ವಾರ ಮಾಡಿದ್ದು. ಟ್ರೆಡ್ ಎಷ್ಟೇ ಇದ್ದರೂ ರಬ್ಬರ್ ಹಳೆಯದಾದರೆ ಬಿಗಿಯಾಗುತ್ತದೆ. ವಿಂಟರ್ ಟೈರಿಗೆ ದುಡ್ಡು ಕೊಡುವುದೇ ಅದರ ಮೆತ್ತಗಿನ ರಬ್ಬರಿಗಾಗಿ, ಅದೇ ಹೋದರೆ ಏನು ಪ್ರಯೋಜನ?

*ಟೈರಿನ ಸಂದುಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ, ಕೆರೆದು ತೆಗೆಯಬೇಕಾ? ಮಾರನೆಯ ದಿನ ಸ್ಟೀರಿಂಗ್ ಬೇರೆ ನಡುಗುತ್ತದೆ. (ಸಾಲ್ಟ್ ಲೇಕ್ ಸಿಟಿ)* ಸಂದಿನ ಹಿಮ ಇರಲಿ. ಹಿಮಕ್ಕೆ ಹಿಮ ಅಂಟುತ್ತದೆ, ಅದರಿಂದ ಹಿಡಿತ ಜಾಸ್ತಿಯೇ ಆಗುತ್ತದೆ. ನಡುಕಕ್ಕೆ ಕಾರಣ ಬೇರೆ: ರಾತ್ರಿ ರಿಮ್ಮಿನ ಒಳಮೈಯಲ್ಲಿ ಹಿಮ ಒಂದೇ ಕಡೆ ಹೆಪ್ಪುಗಟ್ಟಿ ಚಕ್ರದ ತೂಕ ಏರುಪೇರಾಗಿರುತ್ತದೆ. ಬೆಳಿಗ್ಗೆ ಹೊರಡುವ ಮೊದಲು ಟಾರ್ಚ್ ಹಾಕಿ ಒಳಗೆ ನೋಡಿ, ಬ್ರಷ್ಷಿನ ಹಿಡಿಯಿಂದ ತಟ್ಟಿ ಬೀಳಿಸಿ. ಬಿಸಿನೀರು ಸುರಿಯಬೇಡಿ, ಅದೂ ಹೆಪ್ಪುಗಟ್ಟುತ್ತದೆ. ಅದಾದ ಮೇಲೂ ನಡುಗಿದರೆ ಬ್ಯಾಲೆನ್ಸಿಂಗ್ ಮಾಡಿಸಿ.